ಬೇಸಿಗೆಯ ಬಾಟಲಿ: ತಂಪೆಷ್ಟು, ಅಮಲೆಷ್ಟು?

ಏಪ್ರಿಲ್ ತಿಂಗಳ ಮಧ್ಯಾಹ್ನ. ಕೊಳ್ಳೇಗಾಲದ ಬಸ್ ನಿಲ್ದಾಣದ ಸುತ್ತಮುತ್ತ ನಡೆಯುವವರಿಗಿಂತ ನೆರಳಿಗೆ ನಿಂತವರೇ ಹೆಚ್ಚು. ಮಾದಪ್ಪನ ಬೆಟ್ಟಕ್ಕೆ ಹೊರಟ ಬಸ್ಸಿನ ಕಿಟಕಿಯ ಕಂಬಿ ಮುಟ್ಟಿದರೆ ಕೈ ಚುರುಗುಟ್ಟುತ್ತದೆ. ಎಳನೀರಿನ ಗಾಡಿಯ ಮುಂದೆ ನಾಲ್ಕು ಜನ, ಕಬ್ಬಿನ ಹಾಲಿನ ಗಾಣದ ಮುಂದೆ ಆರು ಜನ. ಅಲ್ಲಿಂದ ಸ್ವಲ್ಪ ಆಚೆ, ಕಬ್ಬಿಣದ ಜಾಲರಿ ಹೊದ್ದ ವೈನ್ ಸ್ಟೋರಿನ ಕಿಂಡಿಯೊಳಕ್ಕೆ ಒಂದು ಕೈ ತೂರುತ್ತದೆ. 'ಅಣ್ಣ, ಒಂದ್ ಬೀರ್ ಕೊಡಣ್ಣ. ಫುಲ್ ಕೂಲ್ ಇರ್ಬೇಕು.' 'ಯಾವ್ದು?' 'ಯಾವ್ದಾರ ಆಗ್ಲಿ, ಸ್ಟ್ರಾಂಗ್ ಕೊಡು.'

ಈ ಮಾತುಕತೆ ಹನೂರಿನಲ್ಲೂ ಹೀಗೇ, ಯಳಂದೂರಿನಲ್ಲೂ ಹೀಗೇ. ಗಿರಾಕಿ ಕೇಳುವುದು ಎರಡೇ: ತಣ್ಣಗಿರಬೇಕು, ಸ್ಟ್ರಾಂಗ್ ಆಗಿರಬೇಕು. ಬಾಯಾರಿಕೆಗೆ ಅಂತ ಬಂದವನಿಗೆ ಈ ಎರಡು ಬೇಡಿಕೆಗಳು ಒಂದನ್ನೊಂದು ಹೊಡೆದುಹಾಕುತ್ತವೆ ಎಂದು ಕಿಂಡಿಯ ಆಚೆ ಇರುವವರು ಹೇಳುವುದಿಲ್ಲ, ಈಚೆ ಇರುವವರು ಕೇಳುವುದಿಲ್ಲ. ಬಾಟಲಿಯ ಚೀಟಿಯಲ್ಲಿ ಬರೆದಿದ್ದನ್ನು ಓದುವ ಪುರಸೊತ್ತಂತೂ ಯಾರಿಗೂ ಇಲ್ಲ.

ಕುಡಿಯಿರಿ ಎಂದು ಹೇಳಲು ಈ ಲೇಖನ ಬರೆದದ್ದಲ್ಲ. ಕುಡಿಯದವರು ಹಾಗೇ ಇರುವುದು ಎಲ್ಲಕ್ಕಿಂತ ಒಳ್ಳೆಯದು. ಮದ್ಯಕ್ಕೆ ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ಆದರೆ ಬೇಸಿಗೆ ಬಂದೊಡನೆ ಬೀರು ಕೊಳ್ಳುವವರು ಕೊಳ್ಳುತ್ತಲೇ ಇರುತ್ತಾರೆ. ಕೊಳ್ಳುವುದೇ ಆದರೆ ಏನನ್ನು ಕೊಳ್ಳುತ್ತಿದ್ದೇವೆ ಎಂದು ತಿಳಿದಿರುವುದು ಮೇಲು.

ಒಳಗೆ ಹೋದ ತಂಪು ಏನಾಗುತ್ತದೆ?

'ಬ್ರಾಂದಿ ಉಷ್ಣ, ಬೀರು ತಂಪು' ಎನ್ನುವುದು ನಮ್ಮ ಕಡೆಯ ಗಟ್ಟಿ ನಂಬಿಕೆ. ಅದರಲ್ಲಿ ಅರ್ಧ ನಿಜ ಇದೆ. ನಾಲ್ಕೈದು ಡಿಗ್ರಿಗೆ ತಣಿಸಿದ ಯಾವ ಪಾನೀಯ ಗಂಟಲಿಗಿಳಿದರೂ ಒಂದಿಷ್ಟು ಹೊತ್ತು ಹಾಯೆನಿಸುತ್ತದೆ. ಬೀರಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ. ಜೊತೆಗೆ ನೊರೆ, ಗ್ಯಾಸು, ಸಣ್ಣ ಕಹಿ. ಇವೆಲ್ಲ ನಾಲಿಗೆಗೆ ಚುರುಕು ಮುಟ್ಟಿಸುತ್ತವೆ.

ಉಳಿದರ್ಧ ಮೈಯೊಳಗೆ ನಡೆಯುತ್ತದೆ. ಮದ್ಯಸಾರ ಚರ್ಮದ ಕೆಳಗಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮುಖ ಕೆಂಪಗಾಗುತ್ತದೆ, ಮೈ ಬೆಚ್ಚಗಾಗುತ್ತದೆ. ಮಿದುಳಿನಿಂದ ಹೊರಡುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಮೂತ್ರಪಿಂಡಗಳಿಗೆ 'ನೀರು ಹಿಡಿದಿಟ್ಟುಕೊಳ್ಳಿ' ಎಂದು ಹೇಳುವ ಕೆಲಸ ಮಾಡುತ್ತದೆ. ಮದ್ಯಸಾರ ಅದರ ಬಾಯಿ ಮುಚ್ಚಿಸುತ್ತದೆ. ಬಿಸಿಲಲ್ಲಿ ಬೆವರಾಗಿ ಒಂದಷ್ಟು ನೀರು ಹೋಗಿದ್ದರೆ, ಈಗ ಇನ್ನೊಂದಷ್ಟು ಮೂತ್ರವಾಗಿ ಹೋಗುತ್ತದೆ. ಸಂಜೆ ಹೊತ್ತಿಗೆ ತಲೆ ಸಿಡಿಯುವುದಕ್ಕೆ ಇದೂ ಒಂದು ಕಾರಣ.

ಆದರೆ ಈ ನಷ್ಟ ಎಲ್ಲ ಬೀರಿಗೂ ಒಂದೇ ಸಮ ಅಲ್ಲ. 1997ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಯೋಗದಲ್ಲಿ, ಸೆಕೆಯಲ್ಲಿ ವ್ಯಾಯಾಮ ಮಾಡಿ ಬೆವರು ಸುರಿಸಿದವರಿಗೆ ಬೇರೆಬೇರೆ ಪ್ರಮಾಣದ ಮದ್ಯಸಾರವಿದ್ದ ಪಾನೀಯ ಕೊಟ್ಟು ನೋಡಿದರು. ಶೇ 1 ಮತ್ತು ಶೇ 2ರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಶೇ 4 ತಲುಪಿದಾಗ ಮೈಗೆ ನೀರು ಮರಳಿ ಹಿಡಿಯುವುದು ನಿಧಾನವಾಯಿತು. ನಮ್ಮ ಅಂಗಡಿಗಳಲ್ಲಿ 'ಲೈಟ್' ಎಂದು ಮಾರುವುದೇ ಶೇ 5ರ ಆಸುಪಾಸಿನದು. ಸ್ಟ್ರಾಂಗ್ ಎಂದರೆ ಶೇ 8ರವರೆಗೂ ಹೋಗುತ್ತದೆ. ಅಂದಮೇಲೆ ಬಿಸಿಲಿಗೆ ನೀರಿನ ಬದಲು ಬೀರು ಎನ್ನುವ ಮಾತೇ ಇಲ್ಲ. ಮೊದಲು ಒಂದು ಚೊಂಬು ನೀರೋ ಮಜ್ಜಿಗೆಯೋ ಕುಡಿದು ಬಾಯಾರಿಕೆ ಮುಗಿಸಿ, ಹೊತ್ತು ಇಳಿದ ಮೇಲೆ ರುಚಿಗೆ ಒಂದು ಬೀರು ಎಂದರೆ ಅದು ಬೇರೆ ಲೆಕ್ಕ.

ಮೂತ್ರಪಿಂಡದ ಮಾತು ಬಂತಲ್ಲ, 'ಬೀರು ಕುಡಿದರೆ ಕಲ್ಲು ಕರಗುತ್ತದೆ' ಎನ್ನುವುದನ್ನೂ ಇಲ್ಲೇ ಮುಗಿಸಿಬಿಡೋಣ. ಕರಗುವುದಿಲ್ಲ. ಮೂತ್ರ ಜಾಸ್ತಿ ಹೋಗುವುದನ್ನು ನೋಡಿ ಹುಟ್ಟಿದ ನಂಬಿಕೆ ಅದು. ಆ ಕೆಲಸವನ್ನು ನೀರು ಇನ್ನೂ ಚೆನ್ನಾಗಿ ಮಾಡುತ್ತದೆ, ಅದೂ ಬಿಟ್ಟಿಯಾಗಿ.

ರಾಗಿ ಮಾಲ್ಟ್ ಗೊತ್ತಿದ್ದವರಿಗೆ ಬೀರು ಗೊತ್ತು

ಹನೂರಿನ ಹೊಲಗಳ ಕಡೆಯವರಿಗೆ ಬೀರು ಮಾಡುವ ಬಗೆಯನ್ನು ವಿವರಿಸುವುದು ಸುಲಭ. ಮನೆಯಲ್ಲಿ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಮಗುವಿಗೆ ಮಾಲ್ಟ್ ಮಾಡುತ್ತಾರಲ್ಲ, ಬೀರಿನ ಮೊದಲ ಹೆಜ್ಜೆಯೂ ಅದೇ. ಕಾಳು ಮಾತ್ರ ರಾಗಿಯಲ್ಲ, ಬಾರ್ಲಿ. ಮೊಳಕೆ ಒಡೆಯುವಾಗ ಕಾಳಿನೊಳಗೆ ಕಿಣ್ವಗಳು ಹುಟ್ಟುತ್ತವೆ. ಮಾಲ್ಟ್ ಮಾಡಿದ ಬಾರ್ಲಿಯನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ಇಟ್ಟರೆ ಆ ಕಿಣ್ವಗಳು ಹಿಟ್ಟಿನ ಅಂಶವನ್ನು ಸಕ್ಕರೆಯಾಗಿ ಒಡೆಯುತ್ತವೆ. ಸಿಹಿಯಾದ ಆ ಗಂಜಿನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಹೂವು ಹಾಕಿ ಕುದಿಸುತ್ತಾರೆ. ಕಹಿ ಬರುವುದು ಈ ಹೂವಿನಿಂದ.

ತಣಿದ ಮೇಲೆ ಯೀಸ್ಟು. ಅದು ಸಕ್ಕರೆ ತಿಂದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಹತ್ತು ಡಿಗ್ರಿಯ ಆಸುಪಾಸಿನ ಚಳಿಯಲ್ಲಿ ನಿಧಾನವಾಗಿ ಹುದುಗಿಸಿ, ಇನ್ನಷ್ಟು ಚಳಿಯಲ್ಲಿ ವಾರಗಟ್ಟಲೆ ಇಟ್ಟರೆ ತಿಳಿಯಾದ, ಹಗುರವಾದ ಲಾಗರ್. ಬೆಚ್ಚಗೆ ಬೇಗ ಹುದುಗಿಸಿದರೆ ಹಣ್ಣಿನ ವಾಸನೆಯ ಏಲ್. ನಮ್ಮ ಅಂಗಡಿಯಲ್ಲಿ ಸಿಗುವುದು ಬಹುಪಾಲು ಲಾಗರ್. ಅದರ ಹೊಂಬಣ್ಣದ ರೂಪ ಹುಟ್ಟಿದ್ದು 1842ರಲ್ಲಿ, ಈಗಿನ ಚೆಕ್ ದೇಶದ ಪ್ಲಜೆನ್ ಎಂಬ ಊರಿನಲ್ಲಿ. ಜಗತ್ತಿನ ಮುಕ್ಕಾಲುಪಾಲು ಬೀರು ಇವತ್ತಿಗೂ ಅದರ ಮಕ್ಕಳು ಮೊಮ್ಮಕ್ಕಳೇ.

ಬೀರು ಹಗುರವೋ ಭಾರವೋ ಆಗುವುದು ಎರಡು ಕಡೆ. ಒಂದು, ಯೀಸ್ಟು ತಿನ್ನಲಾಗದೆ ಉಳಿಸಿದ ಅಂಶ ಎಷ್ಟು ಎಂಬುದು. ಅದು ಹೆಚ್ಚಿದ್ದರೆ ಬಾಯಿಗೆ ಮಂದ, ಹೊಟ್ಟೆಗೆ ಭಾರ. ಅಕ್ಕಿ ಅಥವಾ ಜೋಳ ಬೆರೆಸಿದ ಬೀರು ಹಗುರವಾಗುವುದು ಇದೇ ಕಾರಣಕ್ಕೆ. ಎರಡು, ಮದ್ಯಸಾರ ಎಷ್ಟು ಎಂಬುದು. ಸ್ಟ್ರಾಂಗ್ ಮಾಡಬೇಕೆಂದರೆ ಯೀಸ್ಟಿಗೆ ಹೆಚ್ಚು ಸಕ್ಕರೆ ಉಣಿಸಬೇಕು. ಅಗ್ಗದ ದಾರಿ ಎಂದರೆ ಮಾಲ್ಟಿನ ಜೊತೆಗೆ ಸಕ್ಕರೆಯನ್ನೇ ಸುರಿಯುವುದು. ಆಗ ಅಮಲು ಏರುತ್ತದೆ, ರುಚಿ ಏರುವುದಿಲ್ಲ. ಗಂಟಲಲ್ಲಿ ಸ್ಪಿರಿಟ್ಟಿನ ಕಾವು, ನಾಲಿಗೆಯ ಕೊನೆಗೆ ಒಂದು ಅಂಟು ಸಿಹಿ. 'ಫುಲ್ ಕೂಲ್ ಇರ್ಬೇಕು' ಎಂದು ಗಿರಾಕಿ ಪಟ್ಟು ಹಿಡಿಯುವುದಕ್ಕೆ ನನ್ನ ಪ್ರಕಾರ ಇದೇ ನಿಜವಾದ ಕಾರಣ. ಐಸಿನಂತೆ ತಣ್ಣಗಿದ್ದರೆ ನಾಲಿಗೆ ಮರಗಟ್ಟುತ್ತದೆ, ಈ ದೋಷ ಗೊತ್ತಾಗುವುದಿಲ್ಲ.

ಚೀಟಿಯ ಮೂಲೆಯಲ್ಲಿರುವ ಸಂಖ್ಯೆ

ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಶೇ 5ರವರೆಗಿನ ಬೀರು ಮೈಲ್ಡ್, ಅದನ್ನು ದಾಟಿ ಶೇ 8ರವರೆಗಿನದು ಸ್ಟ್ರಾಂಗ್. ಈ ಸಂಖ್ಯೆ ಬಾಟಲಿಯ ಚೀಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ. ದಪ್ಪಕ್ಷರದ ಹೆಸರುಗಳನ್ನು ನಂಬಬೇಡಿ. 'ಪ್ರೀಮಿಯಂ' ಎಂದರೆ ಲೈಟ್ ಎಂದು ಹಲವರು ತಿಳಿದಿದ್ದಾರೆ, ಏಕೆಂದರೆ ಕಿಂಗ್‌ಫಿಷರ್ ಪ್ರೀಮಿಯಂ ಲೈಟ್ ಬೀರು. ಆದರೆ ಅದೇ ಕಂಪನಿಯ ಸ್ಟ್ರಾಂಗ್ ಬಾಟಲಿಯ ಮೇಲೂ ಪ್ರೀಮಿಯಂ ಎಂಬ ಪದ ಕೂತಿದೆ. ಹೇವರ್ಡ್ಸ್ 5000ದ ಐದು ಸಾವಿರಕ್ಕೂ ಮದ್ಯಸಾರಕ್ಕೂ ಸಂಬಂಧವಿಲ್ಲ. ಬಡ್‌ವೈಸರ್ ಮೈಲ್ಡ್, ಅದರ ಮ್ಯಾಗ್ನಮ್ ಸ್ಟ್ರಾಂಗ್. ಟ್ಯೂಬೋರ್ಗ್ ಎರಡೂ ಬಗೆಯಲ್ಲಿ ಬರುತ್ತದೆ. ಬಣ್ಣ ನೋಡಿ ಹೇಳುವುದೂ ಆಗದ ಮಾತು. ಕಪ್ಪು ಬೀರು ಹಗುರವಿರಬಹುದು, ತಿಳಿ ಹಳದಿಯದು ತಲೆ ತಿರುಗಿಸಬಹುದು.

ಈಗ ಒಂದು ಸಣ್ಣ ಲೆಕ್ಕ. 650 ಮಿಲಿಲೀಟರಿನ ದೊಡ್ಡ ಬಾಟಲಿ, ಶೇ 5. ಅದರಲ್ಲಿ ಅಪ್ಪಟ ಮದ್ಯಸಾರ ಸುಮಾರು 26 ಗ್ರಾಂ. ಅದೇ ಬಾಟಲಿ ಶೇ 8 ಆದರೆ ಸುಮಾರು 41 ಗ್ರಾಂ. ಇನ್ನು 60 ಮಿಲಿಲೀಟರಿನ ಒಂದು ಪೆಗ್ ವಿಸ್ಕಿಯಲ್ಲಿ ಇರುವುದು ಸುಮಾರು 20 ಗ್ರಾಂ. 'ನಾನು ಬರೀ ಬೀರು ಕಣಪ್ಪ, ಎಣ್ಣೆ ಮುಟ್ಟಲ್ಲ' ಎನ್ನುವವನು ಎರಡು ಸ್ಟ್ರಾಂಗ್ ಮುಗಿಸಿ ಎದ್ದರೆ, ನಾಲ್ಕು ಪೆಗ್ ವಿಸ್ಕಿ ಹಾಕಿದವನ ಸರಿಸಮಕ್ಕೆ ಬಂದಿರುತ್ತಾನೆ. ಈಲಿ ಒಂದು ಗಂಟೆಗೆ ಅರಗಿಸುವುದು ಏಳೆಂಟು ಗ್ರಾಂ, ಹೆಚ್ಚೆಂದರೆ ಹತ್ತು. ಒಂದೇ ಸ್ಟ್ರಾಂಗ್ ಬಾಟಲಿಯ ಬಾಕಿ ತೀರಲು ನಾಲ್ಕರಿಂದ ಆರು ಗಂಟೆ ಬೇಕು. ಗಾಡಿ ಓಡಿಸುವವರಿಗೆ ಕಾನೂನು ಬಿಟ್ಟಿರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮಾತ್ರ. ತಾಳಬೆಟ್ಟದ ಘಾಟಿಯ ತಿರುವುಗಳಿಗೆ ಅದೂ ಹೆಚ್ಚೇ.

ಇಷ್ಟಾದರೂ ದೇಶದಲ್ಲಿ ಮಾರಾಟವಾಗುವ ಬೀರಿನ ಬಹುಪಾಲು ಸ್ಟ್ರಾಂಗೇ. ಬೇರೆ ದೇಶಗಳಲ್ಲಿ ಹೀಗಿಲ್ಲ. ಕಾರಣ ನಾಲಿಗೆಯಲ್ಲಿಲ್ಲ, ಜೇಬಿನಲ್ಲಿದೆ. ಎರಡೂ ಬಾಟಲಿಗೆ ಹೆಚ್ಚುಕಮ್ಮಿ ಒಂದೇ ಬೆಲೆ ಇದ್ದರೆ, ಅದೇ ದುಡ್ಡಿಗೆ ಒಂದೂವರೆಪಟ್ಟು ಕಿಕ್ ಕೊಡುವುದನ್ನು ಬಿಟ್ಟು ಇನ್ನೊಂದನ್ನು ಯಾರು ಕೊಳ್ಳುತ್ತಾರೆ? ಕರ್ನಾಟಕದಲ್ಲಿ 2025ರ ಜನವರಿಯಲ್ಲಿ ಬೀರಿನ ಅಬಕಾರಿ ಸುಂಕವನ್ನು ಮದ್ಯಸಾರದ ಮಟ್ಟಕ್ಕೆ ತಕ್ಕಂತೆ ಬೇರೆ ಮಾಡಿದರು: ಶೇ 5ರವರೆಗಿನದಕ್ಕೆ ಲೀಟರಿಗೆ 12 ರೂಪಾಯಿ, ಅದಕ್ಕೂ ಮೇಲಿನದಕ್ಕೆ 20 ರೂಪಾಯಿ. ದೊಡ್ಡ ಬಾಟಲಿಯ ಮೇಲೆ ಆದ ವ್ಯತ್ಯಾಸ ಐದು ರೂಪಾಯಿ ಚಿಲ್ಲರೆ. ಅದರ ಮೇಲೆ ಆಗ ಹೇರಿದ ಹೆಚ್ಚುವರಿ ಸುಂಕ ಮಾತ್ರ ನೂರಕ್ಕೆ 195ರಷ್ಟಿತ್ತು. ಐದು ರೂಪಾಯಿಗೆ ಯಾರ ಚಟವೂ ಬದಲಾಗುವುದಿಲ್ಲ.

ಹಗುರದಿಂದ ಕಡಕ್ಕಿಗೆ ಬಂದ ದಾರಿ

ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರು ತಾಲ್ಲೂಕುಗಳ ಮದ್ಯದ ಕತೆಯೇ ಒಂದು ವಿಚಿತ್ರ. ಹನೂರು ಮೊನ್ನೆಮೊನ್ನೆಯವರೆಗೂ ಕೊಳ್ಳೇಗಾಲ ತಾಲ್ಲೂಕಿನ ಭಾಗ. ಆ ಕೊಳ್ಳೇಗಾಲವೋ 1956ರ ನವೆಂಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿ, ಕೊಯಮತ್ತೂರು ಜಿಲ್ಲೆಯೊಳಗಿತ್ತು. ಅರ್ಧ ಗಂಟೆಯ ದಾರಿಯಲ್ಲಿರುವ ಯಳಂದೂರು ಮೈಸೂರು ಸಂಸ್ಥಾನದ್ದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಸೀಮೆ. ನೆರೆಹೊರೆಯ ಊರುಗಳು, ಒಂದೇ ಭಾಷೆ, ಒಂದೇ ಮಾದಪ್ಪ, ಒಂದೇ ಬಿಳಿಗಿರಿರಂಗ. ಅಬಕಾರಿ ಕಾನೂನು ಮಾತ್ರ ಬೇರೆಬೇರೆ.

ದೇಶದಲ್ಲಿ ಪಾನನಿಷೇಧದ ಮೊದಲ ದೊಡ್ಡ ಪ್ರಯೋಗ ನಡೆದದ್ದು ಹನೂರಿನ ಕಾಡು ದಾಟಿದರೆ ಸಿಗುವ ಸೇಲಂ ಜಿಲ್ಲೆಯಲ್ಲಿ. ರಾಜಾಜಿ ಮದ್ರಾಸಿನ ಪ್ರಧಾನಿಯಾಗಿದ್ದಾಗ 1937ರ ಅಕ್ಟೋಬರ್ 1ರಂದು ಅದು ಜಾರಿಗೆ ಬಂತು. ಯುದ್ಧದ ಕಾಲದಲ್ಲಿ ಸಡಿಲವಾಗಿ, ಸ್ವಾತಂತ್ರ್ಯದ ಹೊತ್ತಿಗೆ ಮತ್ತೆ ಬಿಗಿಯಾಗಿ, 1948ರ ಗಾಂಧಿ ಜಯಂತಿಯ ವೇಳೆಗೆ ಇಡೀ ಮದ್ರಾಸ್ ಪ್ರಾಂತ್ಯವೇ ಒಣಗಿತ್ತು, ಕೊಳ್ಳೇಗಾಲವೂ ಸೇರಿ. ಏಕೀಕರಣದ ಬಳಿಕ, ಅರವತ್ತರ ದಶಕದ ಉತ್ತರಾರ್ಧದಲ್ಲಿ ಮೈಸೂರು ರಾಜ್ಯ ಪಾನನಿಷೇಧವನ್ನು ಕೈಬಿಟ್ಟಿತು.

ಇದನ್ನೆಲ್ಲ ಇಲ್ಲಿ ಹೇಳುವುದಕ್ಕೆ ಕಾರಣ ಉಂಟು. ಈ ಸೀಮೆಯ ಹಳೆಯ ಬೇಸಿಗೆಯ ಪಾನೀಯ ಬೀರಲ್ಲ, ಈಚಲು ಹೆಂಡ. ಬೆಳಗ್ಗೆ ಇಳಿಸಿದ್ದು ನೀರಾದಂತೆ ಸಿಹಿ. ಬಿಸಿಲೇರಿದ ಹಾಗೆ ತಾನೇ ಹುದುಗಿ ಸಂಜೆಗೆ ಹೆಂಡ. ಹೊಸ ಹೆಂಡದಲ್ಲಿ ಮದ್ಯಸಾರ ಶೇ 4ರಿಂದ 6, ಅಂದರೆ ಇವತ್ತಿನ ಮೈಲ್ಡ್ ಬೀರಿನಷ್ಟೇ. ಆದರೆ ಅದು ಒಂದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ, ಮಡಕೆಗಟ್ಟಲೆ ಹೊರಬೇಕು, ವಾಸನೆ ಊರಿಗೆಲ್ಲ ಗೊತ್ತಾಗುತ್ತದೆ. ನಿಷೇಧ ಬಂದಾಗ ಮೊದಲು ಸಾಯುವುದು ಇಂಥ ಹಗುರ ಪಾನೀಯವೇ. ಕದ್ದು ಮಾರುವವನಿಗೆ ಬೇಕಾದದ್ದು ಸಣ್ಣ ಸೀಸೆಯಲ್ಲಿ ದೊಡ್ಡ ಅಮಲು. ಕಳ್ಳಬಟ್ಟಿ ಗೆಲ್ಲುವುದು ಹಾಗೆ.

ನಿಷೇಧ ಹೋದ ಮೇಲೆ ಬಂದದ್ದು ಸರ್ಕಾರಿ ಸಾರಾಯಿ, ಆಮೇಲೆ ಪ್ಯಾಕೆಟ್ ಸಾರಾಯಿ. ಈ ಶತಮಾನದ ಮೊದಲ ವರ್ಷಗಳಲ್ಲಿ ಒಳನಾಡಿನ ಸೇಂದಿ ಅಂಗಡಿಗಳು ಮುಚ್ಚಿದವು. ಕರಾವಳಿಯಲ್ಲಿ ಮಾತ್ರ ಉಳಿದವು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಅದರ ಜಾಗಕ್ಕೆ ಬಂದದ್ದು 90 ಮಿಲಿಲೀಟರಿನ ವಿಸ್ಕಿಯ ಟೆಟ್ರಾ ಪ್ಯಾಕ್, ಶೇ 42.8ರದ್ದು. ಹೆಂಡದಿಂದ ಸಾರಾಯಿಗೆ, ಸಾರಾಯಿಯಿಂದ ವಿಸ್ಕಿಗೆ ಬರುವಷ್ಟರಲ್ಲಿ ಎರಡು ತಲೆಮಾರಿನ ನಾಲಿಗೆ ಕಡಕ್ಕಿಗೆ ಒಗ್ಗಿಹೋಯಿತು. ಆ ನಾಲಿಗೆಗೆ ಮೈಲ್ಡ್ ಬೀರು ಕೊಟ್ಟರೆ 'ಇದೇನ್ ಸೋಡಾ ಥರ ಅದೆ' ಎನ್ನದೆ ಇನ್ನೇನು ಹೇಳೀತು? ಉರಿಬಿಸಿಲಿನ ನಾಡಿಗೆ ಹಗುರವಾದದ್ದೇ ಹೊಂದುತ್ತದೆ ಎಂದು ಹಳಬರಿಗೆ ಗೊತ್ತಿತ್ತು. ಕಡಕ್ಕು ಕಲಿಸಿದ್ದು ಕಾನೂನು ಮತ್ತು ತೆರಿಗೆ ಎಂದೇ ನನಗನ್ನಿಸುವುದು.

ಬೀರಿನ ಕಾರ್ಖಾನೆಗಳ ಕತೆ ಇದಕ್ಕೆ ಪೂರ್ತಿ ಬೇರೆ ದಾರಿ. ಇಲ್ಲಿನ ಬೆಟ್ಟಗಳ ಆಚೆ ನೀಲಗಿರಿಯಲ್ಲಿ 1857ರಲ್ಲಿ ಶುರುವಾದ ಕ್ಯಾಸಲ್ ಬ್ರೂವರೀಸ್ ದಂಡಿನ ಬಿಳಿಯರಿಗಾಗಿ ಬೀರು ಮಾಡುತ್ತಿತ್ತು. 1915ರಲ್ಲಿ ಥಾಮಸ್ ಲೀಷ್ಮನ್ ಎಂಬವರು ದಕ್ಷಿಣದ ಐದು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು; ಸ್ವಾತಂತ್ರ್ಯದ ವರ್ಷ ವಿಠಲ್ ಮಲ್ಯ ಅದರ ನಿರ್ದೇಶಕರಾದರು. ಈಗ ಅದರ ಹಿಡಿತ ಹಾಲೆಂಡಿನ ಹೈನೆಕೆನ್ ಕೈಯಲ್ಲಿದೆ. ಅದರ ಒಂದು ಕಾರ್ಖಾನೆ ನಂಜನಗೂಡಿನಲ್ಲಿದೆ. ದೂರ ನೋಡಿದರೆ ಕೊಳ್ಳೇಗಾಲದವರಿಗೆ ಹೊಚ್ಚ ಹೊಸ ಬೀರು ಸಿಗಬೇಕು. ಸಿಗುತ್ತದೆಯೇ ಎನ್ನುವುದು ಮುಂದಿನ ಮಾತು.

ಬಿಸಿಲು ಬೀರನ್ನೂ ಬಿಡುವುದಿಲ್ಲ

ಬ್ರಾಂದಿ ವಿಸ್ಕಿ ವರ್ಷಗಟ್ಟಲೆ ಇಟ್ಟರೂ ಕೆಡವು. ಬೀರು ಹಾಗಲ್ಲ, ಅದು ಬೇಗ ಹಳಸುವ ಸರಕು. ಕಾರ್ಖಾನೆಯಲ್ಲಿ ಪಾಶ್ಚರೀಕರಿಸಿ ತುಂಬುವುದರಿಂದ ರೋಗ ತರುವಂತೆ ಕೆಡುವುದಿಲ್ಲ. ಆದರೆ ರುಚಿ ದಿನೇದಿನೇ ಇಳಿಯುತ್ತದೆ. ಹಾಪ್ಸಿನ ಘಮ ಮೊದಲು ಹೋಗುತ್ತದೆ, ಆಮೇಲೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಶಾಖ ಇದನ್ನು ಓಡಿಸಿಕೊಂಡು ಹೋಗುತ್ತದೆ. ಬೀರು ಮಾಡುವವರ ನಡುವೆ ಒಂದು ಅಂದಾಜಿನ ಸೂತ್ರವಿದೆ: ಮೂರು ಡಿಗ್ರಿ ಚಳಿಯಲ್ಲಿ 300 ದಿನದಲ್ಲಿ ಆಗುವ ಹಳಸುವಿಕೆ 22 ಡಿಗ್ರಿಯಲ್ಲಿ 30 ದಿನಕ್ಕೆ, 32 ಡಿಗ್ರಿಯಲ್ಲಿ ಮೂರೇ ದಿನಕ್ಕೆ ಆಗಿಬಿಡುತ್ತದೆ. ಬೇಸಿಗೆಯಲ್ಲಿ 35 ಡಿಗ್ರಿ ದಾಟುವ ಊರಿನಲ್ಲಿ, ಶೀಟಿನ ಸೂರಿನ ಕೆಳಗೆ ಪೇರಿಸಿಟ್ಟ ಪೆಟ್ಟಿಗೆಗಳ ಗತಿ ಊಹಿಸಿಕೊಳ್ಳಿ.

ಬೆಳಕೂ ಬೀರಿಗೆ ಶತ್ರು. ಬಿಸಿಲು ತಾಗಿದಾಗ ಹಾಪ್ಸಿನ ಕಹಿ ಅಂಶ ಒಡೆದು ಗಂಧಕದ ಒಂದು ನಾತ ಹುಟ್ಟುತ್ತದೆ. ಕಂದು ಗಾಜು ಇದನ್ನು ಚೆನ್ನಾಗಿ ತಡೆಯುತ್ತದೆ. ಹಸಿರು ಗಾಜು ಅಷ್ಟಕ್ಕಷ್ಟೆ. ಬಿಳಿ ಗಾಜು ತಡೆಯುವುದೇ ಇಲ್ಲ. ಹಸಿರು ಬಾಟಲಿಯನ್ನು ವಿದೇಶಿ ಠೀವಿ ಎಂದು ಕಾಸು ಜಾಸ್ತಿ ಕೊಟ್ಟು ಕೊಳ್ಳುವವರು ಒಮ್ಮೆ ಯೋಚಿಸಬೇಕಾದ ವಿಷಯ. ಕ್ಯಾನಿನೊಳಗೆ ಬೆಳಕು ಹೋಗುವುದಿಲ್ಲ, ಬೇಗ ತಣಿಯುತ್ತದೆ, ಒಡೆಯುವುದೂ ಇಲ್ಲ. ಅಂಗಡಿಯ ಮುಂಭಾಗದಲ್ಲಿ ಟ್ಯೂಬ್‌ಲೈಟ್ ಕೆಳಗೆ ಅಲಂಕಾರಕ್ಕೆ ನಿಲ್ಲಿಸಿದ ಬಾಟಲಿಯನ್ನು ಮಾತ್ರ ಯಾವತ್ತೂ ಕೊಳ್ಳಬಾರದು.

ಹಾಗಾಗಿ ಬ್ರ್ಯಾಂಡ್ ಕೇಳುವುದಕ್ಕಿಂತ ಮೊದಲು ತಯಾರಿಕೆಯ ದಿನಾಂಕ ನೋಡುವುದು ಜಾಣತನ. ಸಾಮಾನ್ಯವಾಗಿ ಆರು ತಿಂಗಳ ಗಡುವು ಇರುತ್ತದೆ. ನಮ್ಮ ಸೆಕೆಗೆ ಎರಡು ತಿಂಗಳೊಳಗಿನದು ಸಿಕ್ಕರೆ ಅದೃಷ್ಟ. ಹೆಚ್ಚು ವ್ಯಾಪಾರವಿರುವ ಅಂಗಡಿಯಲ್ಲಿ ಹೊಸ ಸರಕು ಇರುವ ಸಂಭವ ಹೆಚ್ಚು; ಎಂಎಸ್‌ಐಎಲ್ ಮಳಿಗೆಯೋ ಖಾಸಗಿಯೋ ಎನ್ನುವುದು ಮುಖ್ಯವಲ್ಲ. ಎಲ್ಲರಿಗೂ ಸರಕು ಬರುವುದು ರಾಜ್ಯ ಪಾನೀಯ ನಿಗಮದ ಗೋದಾಮಿನಿಂದಲೇ. ಇಲ್ಲೊಂದು ಇಕ್ಕಟ್ಟು ಇದೆ: ಮೈಲ್ಡ್ ಕೇಳುವವರು ಕಡಿಮೆ, ಹಾಗಾಗಿ ಮೈಲ್ಡ್ ಬಾಟಲಿಯೇ ಹೆಚ್ಚು ದಿನ ಕೂತಿರುತ್ತದೆ. ಹಗುರ ಬೀರು ರುಚಿಯಿಲ್ಲ ಎಂದು ಹೆಸರು ಕೆಡಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ ಇರಬೇಕು.

ಸರಿ, ಯಾವುದನ್ನು ಆರಿಸುವುದು?

ನನ್ನ ಆಯ್ಕೆ ಸರಳ. ಶೇ 5 ಅಥವಾ ಅದಕ್ಕೂ ಕಡಿಮೆಯ ಲಾಗರ್, 330 ಮಿಲಿಲೀಟರಿನ ಚಿಕ್ಕ ಬಾಟಲಿ, ಇತ್ತೀಚಿನ ದಿನಾಂಕ. ಚಿಕ್ಕದು ಏಕೆಂದರೆ 650ರ ದೊಡ್ಡ ಬಾಟಲಿಯ ಕೊನೆಯ ಮೂರನೇ ಒಂದು ಪಾಲು ನಮ್ಮ ಸೆಕೆಗೆ ಬೆಚ್ಚಗಾಗಿ, ಗ್ಯಾಸು ಹೋಗಿ, ಗಂಟಲಿಗಿಳಿಯುವುದು ಹಣ ಕೊಟ್ಟ ಸಂಕಟಕ್ಕೆ ಮಾತ್ರ. ಕಹಿ ಸೇರದವರು ಗೋಧಿ ಬೀರು ನೋಡಬಹುದು. ಮಬ್ಬು ಮಬ್ಬಾಗಿರುತ್ತದೆ, ಕೆಟ್ಟಿದೆ ಎಂದು ವಾಪಸು ಕೊಡಬೇಡಿ. ಬೆಲ್ಜಿಯಂ ಬಗೆಯದಕ್ಕೆ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆ ಹಾಕಿರುತ್ತಾರೆ. ಬೆಲೆ ಸ್ವಲ್ಪ ಜೋರು, ಹನೂರಿನಂಥ ಕಡೆ ಸಿಗುವ ಭರವಸೆಯೂ ಕಡಿಮೆ.

ಇನ್ನೂ ಹಗುರ ಬೇಕೆನ್ನುವವರಿಗೆ ಒಂದು ಉಪಾಯ. ಜರ್ಮನಿಯಲ್ಲಿ ಬೇಸಿಗೆಗೆ ಬೀರಿನೊಂದಿಗೆ ನಿಂಬೆಯ ಪಾನಕವನ್ನು ಅರ್ಧಕ್ಕರ್ಧ ಬೆರೆಸಿ ಕುಡಿಯುವುದು ಹಳೆಯ ರೂಢಿ. ನಮ್ಮಲ್ಲಿ ಗೋಲಿ ಸೋಡಾ ಇದೆ, ನಿಂಬೆಹಣ್ಣು ಇದೆ. ಶೇ 5ರ ಬೀರಿಗೆ ಅಷ್ಟೇ ನಿಂಬೆ ಸೋಡಾ ಸೇರಿದರೆ ಶೇ 2.5. ಮೇಲೆ ಹೇಳಿದ ಪ್ರಯೋಗದಲ್ಲಿ ತೊಂದರೆ ಕಾಣದಿದ್ದ ಮಟ್ಟಕ್ಕೆ ಹತ್ತಿರ ಬಂದಹಾಗೆ. ಒಂದು ಚಿಟಿಕೆ ಉಪ್ಪು ಹಾಕಿದರೂ ಆದೀತು. ಹಳೇ ಕುಡುಕರು ನಕ್ಕಾರು, ನಗಲಿ. ಶೇ 0.0 ಎಂದು ಬರೆದ ಬೀರುಗಳೂ ಬಂದಿವೆ. ಅಮಲಿಲ್ಲ, ಆದರೆ ಕೆಲವಲ್ಲಿ ಸಕ್ಕರೆ ಇದೆ, ಬೆಲೆಯಂತೂ ಇದೆ.

ತಣಿಸುವುದಕ್ಕೆ ನಾಲ್ಕರಿಂದ ಏಳು ಡಿಗ್ರಿ ಸಾಕು. ಫ್ರೀಜರಿನಲ್ಲಿಟ್ಟು ಮರೆತರೆ ಬಾಟಲಿ ಸಿಡಿಯುತ್ತದೆ. ಮೈಲ್ಡ್ ಬೀರು ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೇ ಹೆಪ್ಪುಗಟ್ಟುತ್ತದೆ. ಬೇಗ ಆಗಬೇಕೆಂದರೆ ಬಕೆಟ್ಟಿಗೆ ಐಸು, ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿ ಮುಳುಗಿಸಿ; ಕಾಲು ಗಂಟೆ ಸಾಕು. ದೇಶದ ಮೊದಲ ದೊಡ್ಡ ಜಲವಿದ್ಯುತ್ ಯೋಜನೆ 1902ರಲ್ಲಿ ಶುರುವಾದ ಶಿವನಸಮುದ್ರ ಇಲ್ಲೇ ಪಕ್ಕದಲ್ಲಿದ್ದರೂ, ಬೇಸಿಗೆಯ ಕರೆಂಟನ್ನು ನಂಬಿ ಕೂರುವ ಹಳ್ಳಿಯವರು ಕಡಿಮೆ. ಹಾಗಾಗಿ ಬಕೆಟ್ಟೇ ವಾಸಿ. ಲೋಟಕ್ಕೆ ನೊರೆ ಬರುವಂತೆ ಸುರಿದುಕೊಂಡರೆ ಗ್ಯಾಸು ಅಲ್ಲೇ ಹೋಗುತ್ತದೆ, ಹೊಟ್ಟೆ ಉಬ್ಬರಿಸುವುದು ಕಡಿಮೆ.

ನಂಚಿಕೊಳ್ಳಲು ಬೇಯಿಸಿದ ಕಡಲೆಕಾಯಿ, ಸೌತೆಕಾಯಿ ಹೋಳು. ಖಾರದ ಬೋಟಿ ಗೊಜ್ಜು, ಉಪ್ಪು ಜಡಿದ ಮಿಕ್ಸ್ಚರ್ ಇಟ್ಟುಕೊಂಡರೆ ಬಾಯಾರಿಕೆ ಹೆಚ್ಚಿ ಇನ್ನೊಂದು ಬಾಟಲಿ ತಾನಾಗಿ ಬರುತ್ತದೆ. ಬಾರಿನವರು ಉಪ್ಪು ಖಾರ ಮುಂದೆ ಮಾಡುವುದು ಪ್ರೀತಿಗಷ್ಟೇ ಅಲ್ಲ.

ರಾಗಿಯ ಬೀರು ಎಲ್ಲಿ?

ಮೊಳಕೆ ರಾಗಿಯಿಂದ ಬೀರು ಆಗುತ್ತದೆಯೇ ಎಂದರೆ ಖಂಡಿತ ಆಗುತ್ತದೆ. ಉಗಾಂಡದಲ್ಲಿ ಅಜೋನ್ ಎಂಬ ರಾಗಿ ಬೀರನ್ನು ಉದ್ದನೆಯ ಕೊಳವೆಗಳಿಂದ ಒಂದೇ ಮಡಕೆಯ ಸುತ್ತ ಕೂತು ಹೀರುತ್ತಾರೆ. ನೇಪಾಳ ಸಿಕ್ಕಿಂಗಳಲ್ಲಿ ತೋಂಗ್ಬಾ ಇದೆ. ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ ಎಪ್ಪತ್ತರ ದಶಕದಿಂದ ನೆಲೆಸಿರುವ ಟಿಬೆಟನ್ನರ ನಾಡಿನಲ್ಲಿ ಬಾರ್ಲಿಯಿಂದ ಮಾಡುವ ಛಾಂಗ್ ಎಂಬ ಮಬ್ಬು ಬೀರು ಹೊಸವರ್ಷದ ಹಬ್ಬ ಲೋಸಾರಿಗೆ ಇರಲೇಬೇಕು, ಅದೂ ಹಗುರವಾದದ್ದೇ. ಬೆಂಗಳೂರಿನ ಪಬ್ಬುಗಳಲ್ಲಿ ಅಲ್ಲೇ ಬೀರು ಕಾಯಿಸಿ ಕೊಡುವ ಮೈಕ್ರೋಬ್ರೂವರಿಗಳು 2010ರಿಂದೀಚೆಗೆ ಬಂದವು. ಅಲ್ಲಿ ಕೆಲವರು ರಾಗಿ ಹಾಕಿಯೂ ಮಾಡಿ ನೋಡಿದ್ದಾರೆ. ರಾಗಿ ಬೆಳೆಯುವ ಊರಿಗೆ ಅದು ಬಂದಿಲ್ಲ.

ಬಾಟಲಿ ಎಲ್ಲಿಗೆ ಒಯ್ಯಬಾರದು

ಈ ಮೂರು ತಾಲ್ಲೂಕಿಗೆ ಬೇಸಿಗೆಯಲ್ಲಿ ಬರುವ ಹೊರಗಿನವರಿಗೆ ಒಂದೆರಡು ಮಾತು. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಯಳಂದೂರಿನಿಂದ ಹತ್ತುವಾಗ ಗುಂಬಳ್ಳಿಯ ಚೆಕ್‌ಪೋಸ್ಟ್ ಸಿಗುತ್ತದೆ. ಅದರಾಚೆಗೆ ಮದ್ಯ ಸಲ್ಲದು. ರಸ್ತೆ ಬದಿಯಲ್ಲಿ ಎಸೆದ ಬಾಟಲಿಯ ಗಾಜು ಆನೆಯ ಪಾದಕ್ಕೆ ಹೊಕ್ಕರೆ ಕೀವಾಗಿ ಆನೆ ನಡೆಯಲಾರದೆ ಬೀಳುತ್ತದೆ. ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲಿ ಹರಕೆ ಹೊತ್ತು ಬರಿಗಾಲಲ್ಲಿ ನಡೆಯುವವರಿದ್ದಾರೆ, ಅವರ ಪಾದವೂ ಅಷ್ಟೇ. ಭರಚುಕ್ಕಿ ಜಲಪಾತದ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ, ಒಂದು ಮೈಲ್ಡ್ ಹಾಕಿದವನಿಗೂ ಜಾರುತ್ತವೆ.

ಪಾಲಾರ್ ದಾಟಿ ಮೆಟ್ಟೂರಿನ ಕಡೆಗೋ, ಗರಿಕೆಕಂಡಿಯ ಮೇಲೆ ಬರ್ಗೂರಿನ ಕಡೆಗೋ ಹೊರಟವರು ಡಿಕ್ಕಿಯಲ್ಲಿ ಪೆಟ್ಟಿಗೆ ಇಟ್ಟುಕೊಳ್ಳಬಾರದು. ಆಚೆಯ ತಮಿಳುನಾಡಿನಲ್ಲಿ ಚಿಲ್ಲರೆ ಮಾರಾಟವೆಲ್ಲ 2003ರಿಂದ ಸರ್ಕಾರಿ ಟಾಸ್ಮ್ಯಾಕಿನದು. ಕರ್ನಾಟಕದ ಅಬಕಾರಿ ಚೀಟಿ ಅಂಟಿಸಿದ ಬಾಟಲಿ ಗಡಿಯ ಆಚೆ ಕಳ್ಳಮಾಲಿನ ಲೆಕ್ಕಕ್ಕೆ ಸೇರುತ್ತದೆ, ಅಲ್ಲಿನದು ಈಚೆಗೂ ಹಾಗೆಯೇ. ಇನ್ನು ಕೊಳ್ಳುವವನಿಗೆ 21 ತುಂಬಿರಬೇಕು ಎಂದು ಅಂಗಡಿಯ ಬೋರ್ಡಿನಲ್ಲೇ ಬರೆದಿರುತ್ತದೆ. ವಯಸ್ಸು ಕೇಳಿದರೆ ಸಿಟ್ಟಾಗದೆ ಆಧಾರ್ ತೋರಿಸಿ, ಹಾಗೇ ಬಾಟಲಿಯನ್ನು ಬೆಳಕಿಗೆ ಹಿಡಿದು ತಿಂಗಳು ಯಾವುದು, ಶೇಕಡ ಎಷ್ಟು ಎಂದು ಓದಿಕೊಂಡರೆ ಕಿಂಡಿಯ ಆಚೆಯವರು ಒಂದು ನಿಮಿಷ ಕಾಯುತ್ತಾರೆ.